ಸಾಕ್ಷಿ ಕೈಯಲ್ಲಿದ್ದೂ ಸೋತವರು: ಜಗತ್ತಿನ ರಾಜಕೀಯದಲ್ಲಿ ಕಥೆ ಕಟ್ಟುವ ಕೆಲಸ

2022ರ ಏಪ್ರಿಲ್ 19ರಂದು ಫ್ರಾನ್ಸ್ ಸೇನೆ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಗೋಸಿ ಎಂಬಲ್ಲಿದ್ದ ತನ್ನ ನೆಲೆಯನ್ನು ಮಾಲಿಯ ಸೈನಿಕರಿಗೆ ಒಪ್ಪಿಸಿ ಹೊರಟಿತು. ಎರಡು ದಿನ ಕಳೆಯುವಷ್ಟರಲ್ಲಿ ಟ್ವಿಟರ್‌ನಲ್ಲಿ ಒಂದು ಖಾತೆಯಿಂದ ಮಸುಕಾದ ಫೋಟೊಗಳು ಬಂದವು. ಮರಳಿನಲ್ಲಿ ಹೂತ ಹೆಣಗಳು. ಫ್ರೆಂಚರು ಹೋಗುವಾಗ ಬಿಟ್ಟು ಹೋದದ್ದು ಇದನ್ನೇ ನೋಡಿ, ಎನ್ನುವ ಅರ್ಥದ ಬರಹ. ಖಾತೆಯವನು ತಾನು ಮಾಜಿ ಸೈನಿಕ, ಮಾಲಿಯ ದೇಶಭಕ್ತ ಎಂದು ಹೇಳಿಕೊಂಡಿದ್ದ.

ಇಂಥದ್ದೇನೋ ನಡೆಯಬಹುದು ಎಂಬ ಅನುಮಾನ ಫ್ರಾನ್ಸ್‌ಗೆ ಮೊದಲೇ ಇತ್ತು. ಹಾಗಾಗಿ ನೆಲೆ ಬಿಟ್ಟ ಮೇಲೂ ಡ್ರೋನ್ ಹಾರಿಸಿ ಅದರ ಮೇಲೆ ಕಣ್ಣಿಟ್ಟಿತ್ತು. ಫೋಟೊ ಬಂದ ತಕ್ಷಣ ತನ್ನ ವಿಡಿಯೊವನ್ನು ಹೊರಗೆ ಹಾಕಿತು. ಮೇಲಿನಿಂದ ನೋಡಿದರೆ ಎಲ್ಲ ಕಾಣುತ್ತದೆ. ಬಿಳಿಯ ಸೈನಿಕರು ಹೆಣಗಳ ಸುತ್ತ ಓಡಾಡುತ್ತಾರೆ, ಮೇಲೆ ಮರಳು ಎಳೆಯುತ್ತಾರೆ. ಇವರು ರಷ್ಯಾದ ವಾಗ್ನರ್ ಪಡೆಯ ಬಾಡಿಗೆ ಸೈನಿಕರು, ನಮ್ಮ ತಲೆಗೆ ಕೊಲೆ ಕಟ್ಟಲು ಇದನ್ನೆಲ್ಲ ಮಾಡುತ್ತಿದ್ದಾರೆ ಎಂದು ಫ್ರಾನ್ಸ್ ಹೇಳಿತು.

ಇಷ್ಟು ಗಟ್ಟಿ ಸಾಕ್ಷಿ ಸಿಕ್ಕ ಮೇಲೆ ಮಾತು ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮಾಲಿಯ ಸೇನಾ ಸರ್ಕಾರ ಹೆಣಗಳ ವಿಷಯ ಬಿಟ್ಟು ಡ್ರೋನ್ ವಿಷಯ ಹಿಡಿಯಿತು. ನಮ್ಮ ಆಕಾಶದಲ್ಲಿ ನಮ್ಮನ್ನು ಕೇಳದೆ ಡ್ರೋನ್ ಹಾರಿಸಿದ್ದು ಗೂಢಚರ್ಯೆ ಎಂದಿತು. ಜನರಲ್ಲಿ ತುಂಬಾ ಮಂದಿಗೆ ಅದೇ ಸರಿ ಅನ್ನಿಸಿತು. ಆಗಸ್ಟ್ 15ಕ್ಕೆ ಕೊನೆಯ ಫ್ರೆಂಚ್ ಸೈನಿಕನೂ ಮಾಲಿ ಬಿಟ್ಟ.

ಇದೇ ಮಾಲಿಯಲ್ಲಿ ಒಂಬತ್ತು ವರ್ಷ ಮೊದಲು ಏನಾಗಿತ್ತು ಗೊತ್ತಾ? 2013ರ ಜನವರಿಯಲ್ಲಿ ಉತ್ತರದಿಂದ ಜಿಹಾದಿ ಗುಂಪುಗಳು ಕೆಳಕ್ಕೆ ನುಗ್ಗುತ್ತಿದ್ದಾಗ ತಡೆದದ್ದು ಫ್ರೆಂಚ್ ಸೇನೆಯೇ. ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾಂಸ್ವಾ ಒಲಾಂದ್ ಟಿಂಬಕ್ಟುಗೆ ಬಂದಿಳಿದಾಗ ಜನ ಕುಣಿದು ಸ್ವಾಗತಿಸಿದರು. ಒಂದು ಒಂಟೆ ಮರಿಯನ್ನೂ ಉಡುಗೊರೆ ಕೊಟ್ಟರು. (ನೋಡಿಕೊಳ್ಳಲೆಂದು ಅದನ್ನು ಅಲ್ಲಿನದೇ ಒಂದು ಮನೆಯವರಿಗೆ ಒಪ್ಪಿಸಿದ್ದರು. ಅವರು ಅದನ್ನು ಕಡಿದು ಅಡುಗೆ ಮಾಡಿ ತಿಂದುಬಿಟ್ಟರು.) ಆಮೇಲೆ ಕಿಡಾಲ್ ಊರನ್ನು ಫ್ರೆಂಚರು ಮಾಲಿಯ ಸೇನೆಯನ್ನು ಹೊರಗಿಟ್ಟೇ ಹಿಡಿದರು. ಬಂಡುಕೋರರ ಜೊತೆ ಇವರಿಗೆ ಒಳಒಪ್ಪಂದ ಇದೆ ಎಂಬ ಸಂಶಯ ಅಲ್ಲಿಂದ ಶುರುವಾಯಿತು. ವರ್ಷಗಳು ಉರುಳಿದರೂ ರಕ್ತಪಾತ ನಿಲ್ಲಲಿಲ್ಲ. 1960ರವರೆಗೆ ಆಳಿದವರು ಮತ್ತೆ ಬಂದು ಕೂತಿದ್ದಾರೆ ಎಂಬ ಮಾತು ಮೆಲ್ಲಗೆ ಗಟ್ಟಿಯಾಯಿತು. ಗೋಸಿಯ ಫೋಟೊಗಳು ಬರುವ ಹೊತ್ತಿಗೆ ಜನರ ಮನಸ್ಸಿನಲ್ಲಿ ಕಥೆ ಸಿದ್ಧವಾಗಿತ್ತು. ಫೋಟೊ ಅದಕ್ಕೊಂದು ಚಿತ್ರ ಅಂಟಿಸಿತು, ಅಷ್ಟೆ.

ಕಥೆಯ ಬೀಗ ಹೇಳುವವನ ಹತ್ತಿರ ಇರಬಹುದು, ಬೀಗದ ಕೈ ಮಾತ್ರ ಕೇಳುವವನ ಹತ್ತಿರ ಇರುತ್ತದೆ. ದೇಶಗಳು, ಬಂಡುಕೋರರು, ಚಳವಳಿಗಳು ಎಲ್ಲರೂ ಜಗತ್ತಿಗೆ ಕಥೆ ಹೇಳಲು ಕೋಟಿಗಟ್ಟಲೆ ಸುರಿಯುತ್ತಾರೆ. ಯಾವುದು ಗೆಲ್ಲುತ್ತದೆ ಅನ್ನುವುದನ್ನು ಮಾತ್ರ ಕೇಳುವವರ ಹಳೆಯ ನೆನಪು, ಹಳೆಯ ಗಾಯ ನಿರ್ಧರಿಸುತ್ತವೆ.

ಅಂತರರಾಷ್ಟ್ರೀಯ ರಾಜಕೀಯ ಓದುವವರು ಇದನ್ನು ‘ವ್ಯೂಹಾತ್ಮಕ ಕಥನ’ ಅನ್ನುತ್ತಾರೆ. ಸುಮ್ನೆ ಭಾರದ ಹೆಸರು. ಟಿವಿ ಚರ್ಚೆಗಳಲ್ಲಿ ಇದೇ ‘ನರೇಟಿವ್’. ಆದರೆ ಅಲ್ಲಿ ಆ ಪದಕ್ಕೆ ಎದುರಾಳಿಯ ಸುಳ್ಳು ಎಂಬ ಅರ್ಥ ಬಂದುಬಿಟ್ಟಿದೆ. ನಾವು ಹೇಳಿದರೆ ಸತ್ಯ, ಅವರು ಹೇಳಿದರೆ ನರೇಟಿವ್! ನಿಜವಾಗಿ ಕಥನ ಎಂದರೆ ಸುಳ್ಳು ಅಂತಲ್ಲ. ಪೂರ್ತಿ ನಿಜವಾದ ಸಂಗತಿಗಳಿಂದಲೂ ಅದನ್ನು ಕಟ್ಟಬಹುದು. ಬಿಡಿ ಸುದ್ದಿಗೂ ಅದಕ್ಕೂ ಇರುವ ವ್ಯತ್ಯಾಸ ಒಂದೇ. ಕಥನಕ್ಕೆ ಹಿಂದು ಮುಂದು ಇರುತ್ತದೆ. ನಾವು ಹೀಗಿದ್ದೆವು, ನಮಗೆ ಹೀಗಾಯಿತು, ಆದ್ದರಿಂದ ಈಗ ಹೀಗೆ ಮಾಡಬೇಕು. ಕೊನೆಯ ‘ಆದ್ದರಿಂದ’ಕ್ಕಾಗಿಯೇ ಮೊದಲಿನ ಎರಡನ್ನು ಜೋಡಿಸಿರುತ್ತಾರೆ.

ವಿದ್ವಾಂಸರು ಇದರಲ್ಲಿ ಮೂರು ಮಟ್ಟ ಗುರುತಿಸುತ್ತಾರೆ. ಜಗತ್ತು ಹೇಗಿದೆ ಎಂದು ಹೇಳುವುದು ಒಂದು. ನಾವು ಯಾರು ಎಂದು ಹೇಳುವುದು ಇನ್ನೊಂದು. ಈ ಒಂದು ವಿಷಯದಲ್ಲಿ ಏನು ಮಾಡಬೇಕು ಎನ್ನುವುದು ಮೂರನೆಯದು. ಪುಸ್ತಕದಲ್ಲಿ ಇವು ಬೇರೆ ಬೇರೆ. ನಿಜದಲ್ಲಿ ಮೂರೂ ಒಂದಕ್ಕೊಂದು ಹೆಣೆದುಕೊಂಡೇ ಬರುತ್ತವೆ.

ಚೀನಾವನ್ನೇ ನೋಡಿ. ಅದರ ಕಥೆ 1840ರ ಹೊತ್ತಿನ ಅಫೀಮು ಯುದ್ಧದಿಂದ ಶುರುವಾಗುತ್ತದೆ. ಬ್ರಿಟನ್, ಫ್ರಾನ್ಸ್, ಜಪಾನ್ ಎಲ್ಲರೂ ಬಂದು ಬಂದರು ಕಿತ್ತುಕೊಂಡರು, ಒಪ್ಪಂದ ಹೇರಿದರು, ಲೂಟಿ ಮಾಡಿದರು. ಇದಕ್ಕೆ ಚೀನೀಯರು ‘ಅವಮಾನದ ಶತಮಾನ’ ಅನ್ನುತ್ತಾರೆ. 1949ರಲ್ಲಿ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದು ಅದಕ್ಕೆ ತೆರೆ ಎಳೆಯಿತು. 2049ಕ್ಕೆ, ಅಂದರೆ ನೂರು ವರ್ಷ ತುಂಬುವಾಗ, ದೇಶ ಮತ್ತೆ ತನ್ನ ಹಳೆಯ ಎತ್ತರಕ್ಕೆ ಏರಿರಬೇಕು. ಎಷ್ಟು ಚೊಕ್ಕ ಕಥೆ! ಅವಮಾನ ಆದದ್ದೂ ನಿಜ, ಲೂಟಿ ಆದದ್ದೂ ನಿಜ. ಆದರೆ ಈ ಚೌಕಟ್ಟಿನೊಳಗೆ ತೈವಾನ್ ವಿಷಯ ಇಟ್ಟರೆ ಅದು ಬರೀ ಒಂದು ದ್ವೀಪದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಅವಮಾನದ ಕೊನೆಯ ಕಲೆ ಆಗುತ್ತದೆ. ಅದನ್ನು ಅಳಿಸಲಾರೆ ಎಂದು ಯಾವ ನಾಯಕ ಹೇಳಲು ಸಾಧ್ಯ?

ಮನೆಯೊಳಗೆ ಹೇಳುವ ಕಥೆ ಹೊರಗೆ ಹೇಳುವುದಕ್ಕೆ ಹೊಂದದೆ ಹೋದಾಗ ಪದಗಳನ್ನು ಬದಲಿಸಬೇಕಾಗುತ್ತದೆ. 2003ರಲ್ಲಿ ಚೀನಾದ ಚಿಂತಕ ಝೆಂಗ್ ಬಿಜಿಯಾನ್ ‘ಶಾಂತಿಯುತ ಉದಯ’ ಎಂಬ ಮಾತು ತಂದರು. ನಾವು ಬೆಳೆಯುತ್ತೇವೆ, ಯಾರಿಗೂ ತೊಂದರೆ ಇಲ್ಲ ಎಂದು ಜಗತ್ತಿಗೆ ಹೇಳುವ ಮಾತು. ನಾಯಕರು ಕೆಲ ತಿಂಗಳು ಅದನ್ನೇ ಬಳಸಿದರು. 2004ರ ಹೊತ್ತಿಗೆ ಸದ್ದಿಲ್ಲದೆ ಕೈಬಿಟ್ಟು ‘ಶಾಂತಿಯುತ ಅಭಿವೃದ್ಧಿ’ ಎಂದು ಬದಲಿಸಿಕೊಂಡರು. ಒಬ್ಬ ಏಳುತ್ತಾನೆ ಅಂದರೆ ಇನ್ನೊಬ್ಬ ಇಳಿಯಬೇಕು ಅನ್ನುವ ಭಾವ ಆ ‘ಉದಯ’ದಲ್ಲಿ ಅಡಗಿದೆ ಎಂಬ ಅಳುಕು. ಹತ್ತು ವರ್ಷ ಬಿಟ್ಟು ಇಂಥದ್ದೇ ಇನ್ನೊಂದು ನಡೆಯಿತು. ಬೇರೆ ದೇಶಗಳಲ್ಲಿ ರಸ್ತೆ, ಬಂದರು ಕಟ್ಟಲು ಸಾಲ ಕೊಡುವ ಚೀನಾದ ಯೋಜನೆಗೆ ಇಟ್ಟ ‘ಒಂದು ವಲಯ ಒಂದು ರಸ್ತೆ’ ಎಂಬ ಹೆಸರಿನಲ್ಲಿ ‘ಒಂದು’ ಎಂಬುದು ಹೊರಗಿನವರ ಕಿವಿಗೆ ಯಜಮಾನಿಕೆಯಂತೆ ಕೇಳಿಸಿತು. ಇಂಗ್ಲಿಷಿನಲ್ಲಿ ಅದು ‘ಬೆಲ್ಟ್ ಆ್ಯಂಡ್ ರೋಡ್ ಇನಿಷಿಯೇಟಿವ್’ ಆಯಿತು. ಚೀನೀ ಭಾಷೆಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯಿತು.

ಇದಕ್ಕೆ ಎದುರು ಕಥೆಯೂ ಹುಟ್ಟಿತು. ಅದೇ ‘ಸಾಲದ ಬಲೆ’. ಬಡ ದೇಶಕ್ಕೆ ತೀರಿಸಲಾಗದಷ್ಟು ಸಾಲ ಕೊಡು, ತೀರಿಸದಿದ್ದಾಗ ಬಂದರು ಕಿತ್ತುಕೋ. 2017ರಲ್ಲಿ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಕ್ಕೆ ಚೀನೀ ಕಂಪನಿಗೆ ಗುತ್ತಿಗೆ ಹೋದಾಗ ಈ ಮಾತಿಗೆ ಪಕ್ಕಾ ಉದಾಹರಣೆ ಸಿಕ್ಕಿತು. ಭಾರತದಲ್ಲಿ ಹುಟ್ಟಿದ ನುಡಿಗಟ್ಟನ್ನು ವಾಷಿಂಗ್ಟನ್ ಎತ್ತಿಕೊಂಡಿತು. 2018ರಲ್ಲಿ ಅಮೆರಿಕದ ಉಪಾಧ್ಯಕ್ಷ ಮೈಕ್ ಪೆನ್ಸ್ ತಮ್ಮ ಭಾಷಣದಲ್ಲೂ ಈ ಬಂದರಿನ ಮಾತೆತ್ತಿದರು. ಆದರೆ ಕಾಗದಪತ್ರ ಬಿಚ್ಚಿ ನೋಡಿದ ಸಂಶೋಧಕರಿಗೆ ಕಂಡದ್ದು ಸ್ವಲ್ಪ ಬೇರೆ. ಗುತ್ತಿಗೆಯಿಂದ ಬಂದ 112 ಕೋಟಿ ಡಾಲರ್‌ನಿಂದ ಬಂದರು ಕಟ್ಟಲು ಚೀನಾ ಕೊಟ್ಟಿದ್ದ ಸಾಲ ತೀರಲಿಲ್ಲ. ಖಾಲಿಯಾಗುತ್ತಿದ್ದ ವಿದೇಶಿ ವಿನಿಮಯದ ಖಜಾನೆಗೆ ಹಣ ಹೋಯಿತು. ಶ್ರೀಲಂಕಾದ ಕತ್ತು ಹಿಸುಕುತ್ತಿದ್ದ ಸಾಲದಲ್ಲಿ ದೊಡ್ಡ ಪಾಲು ಅಂತರರಾಷ್ಟ್ರೀಯ ಬಾಂಡ್‌ಗಳದ್ದು, ಅಂದರೆ ಮಾರುಕಟ್ಟೆಯಲ್ಲಿ ಸಾಲಪತ್ರ ಮಾರಿ ಎತ್ತಿದ್ದು. ಚೀನಾ ಸಾಲ ಕೊಟ್ಟದ್ದು ದಾನಬುದ್ಧಿಯಿಂದ ಅಂತ ನಾನು ಹೇಳುತ್ತಿಲ್ಲ. ಬಲೆಯ ಕಥೆ ಅಷ್ಟು ಬೇಗ ಹಬ್ಬಿದ್ದು ಯಾಕೆ ಅನ್ನುವುದು ನನ್ನ ಪ್ರಶ್ನೆ. ಸಾಲ ಕೊಟ್ಟು ಹೊಲ ನುಂಗುವ ಸಾಹುಕಾರ ಎಲ್ಲ ದೇಶದ ನೆನಪಿನಲ್ಲೂ ಇದ್ದಾನೆ. ಬಾಂಡ್ ಮಾರುಕಟ್ಟೆಗೆ ಅಂಥ ಮುಖ ಇಲ್ಲ.

ನೆನಪಿನ ನೆಲ ಎಷ್ಟು ಮುಖ್ಯ ಅನ್ನುವುದಕ್ಕೆ ಹಳೆಯದೊಂದು ಪ್ರಸಂಗ. 1983ರ ಜುಲೈನಲ್ಲಿ ದೆಹಲಿಯ ‘ಪೇಟ್ರಿಯಟ್’ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಪತ್ರ ಬಂತು. ಏಡ್ಸ್ ರೋಗಾಣುವನ್ನು ಅಮೆರಿಕದ ಸೇನೆ ತನ್ನ ಪ್ರಯೋಗಾಲಯದಲ್ಲಿ ಮಾಡಿದೆ ಅಂತ. ಹಿಂದೆ ಇದ್ದದ್ದು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ. ಎರಡು ವರ್ಷ ಯಾರೂ ಕ್ಯಾರೇ ಅನ್ನಲಿಲ್ಲ. 1985ರಲ್ಲಿ ಮಾಸ್ಕೋದ ಪತ್ರಿಕೆಯೊಂದು ಅದನ್ನೇ ಎತ್ತಿ ಬರೆಯಿತು. ಅಲ್ಲಿಂದ ಅದು ಹತ್ತಾರು ದೇಶಗಳಿಗೆ ಹಬ್ಬಿತು. ಸುಳ್ಳೇ ಸುಳ್ಳು. ಆದರೂ ಅಮೆರಿಕದ ಕಪ್ಪು ಜನರಲ್ಲಿ ಅನೇಕರು ನಂಬಿದರು. ಯಾಕೆಂದರೆ 1932ರಿಂದ 1972ರವರೆಗೆ ಟಸ್ಕೆಗಿಯಲ್ಲಿ ಅದೇ ಸರ್ಕಾರದ ಆರೋಗ್ಯ ಇಲಾಖೆ ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತಿತ್ತು. ಕೆಜಿಬಿ ಬೀಜ ಬಿತ್ತಿತು. ಉತ್ತು ಹದ ಮಾಡಿಟ್ಟದ್ದು ಅಮೆರಿಕವೇ.

ಈಗ ಉಕ್ರೇನ್. 2022ರ ಫೆಬ್ರವರಿ 24ರ ಬೆಳಗಿನ ಜಾವ ವ್ಲಾದಿಮಿರ್ ಪುಟಿನ್ ‘ವಿಶೇಷ ಸೇನಾ ಕಾರ್ಯಾಚರಣೆ’ ಘೋಷಿಸಿದರು. ಯುದ್ಧ ಅನ್ನಲಿಲ್ಲ. ಕಾರಣ ಕೊಟ್ಟದ್ದು ಉಕ್ರೇನನ್ನು ನಾಜಿಗಳಿಂದ ಬಿಡಿಸುವುದು. ಎರಡನೆಯ ಮಹಾಯುದ್ಧದಲ್ಲಿ ಎರಡು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡ ನಾಡಿನಲ್ಲಿ ‘ನಾಜಿ’ ಎಂಬ ಪದ ಮನೆ ಮನೆಯ ಸಾವನ್ನು ಎಬ್ಬಿಸುತ್ತದೆ. ರಷ್ಯಾದೊಳಗೆ ಆ ಕೀಲಿ ತಿರುಗಿತು. ಹೊರಗೆ ತಿರುಗಲಿಲ್ಲ. ಉಕ್ರೇನಿನ ಅಧ್ಯಕ್ಷ ವೊಲೊದಿಮಿರ್ ಝೆಲೆನ್ಸ್ಕಿ ಸ್ವತಃ ಯಹೂದಿ. ಮಾರ್ಚ್ 4ಕ್ಕೆ ರಷ್ಯಾದಲ್ಲಿ ಹೊಸ ಕಾನೂನು ಬಂತು. ಸೇನೆಯ ಬಗ್ಗೆ ‘ಸುಳ್ಳು’ ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಆಮೇಲೆ 2024ರ ಮಾರ್ಚ್‌ನಲ್ಲಿ ಸರ್ಕಾರದ ವಕ್ತಾರ ದಿಮಿತ್ರಿ ಪೆಸ್ಕೋವ್ ಅವರೇ, ಪಶ್ಚಿಮದವರು ಕೈಹಾಕಿದ್ದರಿಂದ ಇದು ನಮಗೆ ಯುದ್ಧವಾಗಿದೆ ಎಂದರು. ಅದನ್ನು ಮೊದಲೇ ಯುದ್ಧ ಎಂದು ಕರೆದು ಜೈಲಿಗೆ ಹೋದವರು ಹೋದರು.

ಇತ್ತ ಫೆಬ್ರವರಿ 25ರ ರಾತ್ರಿ ಒಂದು ಚಿಕ್ಕ ವಿಡಿಯೊ ಬಂತು. ಕೀವ್‌ನ ಬೀದಿ, ಹಿಂದೆ ಕತ್ತಲು, ಫೋನ್ ಹಿಡಿದ ಕೈ. ಝೆಲೆನ್ಸ್ಕಿ ಜೊತೆಗಿದ್ದವರನ್ನು ತೋರಿಸುತ್ತಾ ಪ್ರಧಾನಿ ಇಲ್ಲಿದ್ದಾರೆ, ಅಧ್ಯಕ್ಷ ಇಲ್ಲಿದ್ದಾನೆ, ನಾವೆಲ್ಲ ಇಲ್ಲಿದ್ದೇವೆ ಎಂದರು. ಅಷ್ಟೆ. ಅವರು ಓಡಿಹೋಗಿದ್ದಾರೆ ಎಂಬ ಗಾಳಿಸುದ್ದಿಗೆ ಅಷ್ಟು ಸಾಕಾಯಿತು. ಸುಮಾರು ಮೂರು ವಾರದ ಮೇಲೆ, ಮಾರ್ಚ್ 16ರಂದು, ಝೆಲೆನ್ಸ್ಕಿ ಶರಣಾಗಲು ಹೇಳುವಂತೆ ಕಾಣುವ ಡೀಪ್‌ಫೇಕ್ ವಿಡಿಯೊವನ್ನು ಯಾರೋ ಹರಿಬಿಟ್ಟರು. ಒಂದು ಟಿವಿ ವಾಹಿನಿಯನ್ನೇ ಹ್ಯಾಕ್ ಮಾಡಿ ಹಾಕಿದರು. ಯಾರೂ ನಂಬಲಿಲ್ಲ. ಅದು ಒರಟಾಗಿತ್ತು ನಿಜ. ಇಂಥದ್ದು ಬರಬಹುದೆಂದು ಸರ್ಕಾರ ಮೊದಲೇ ಎಚ್ಚರಿಸಿದ್ದೂ ನಿಜ. ಆದರೆ ಬೀದಿಯಲ್ಲಿ ನಿಂತು ‘ಇಲ್ಲಿದ್ದೇವೆ’ ಎಂದ ಮನುಷ್ಯ ಅಷ್ಟು ಹೊತ್ತಿಗೆ ಎಲ್ಲರ ತಲೆಯಲ್ಲಿ ನೆಟ್ಟಗೆ ನಿಂತಾಗಿತ್ತು. ಎಐ ಬಂತು, ಇನ್ನು ಸತ್ಯದ ಕಥೆ ಮುಗಿಯಿತು ಅನ್ನುವವರು ಇದನ್ನು ನೆನಪಿಡಬೇಕು. ಮೊದಲೇ ಬೇರೂರಿದ ಕಥೆಯನ್ನು ಒಂದು ವಿಡಿಯೊ ಕೀಳುವುದು ಕಷ್ಟ.

ಮುಂದಿನ ದಿನಗಳಲ್ಲಿ ಝೆಲೆನ್ಸ್ಕಿ ದೇಶ ದೇಶದ ಸಂಸತ್ತಿಗೆ ವಿಡಿಯೊ ಮೂಲಕ ಮಾತಾಡಿದರು. ಬ್ರಿಟನ್ನಿನಲ್ಲಿ ಚರ್ಚಿಲ್ ಮಾತು ಎತ್ತಿಕೊಂಡರು. ಅಮೆರಿಕದಲ್ಲಿ ಪರ್ಲ್ ಹಾರ್ಬರ್ ಮತ್ತು ಸೆಪ್ಟೆಂಬರ್ 11. ಜರ್ಮನಿಯಲ್ಲಿ ಬರ್ಲಿನ್ ಗೋಡೆ. ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದ್ದ ಜಪಾನಿನಲ್ಲಿ ಅದರ ಸುದ್ದಿಯೇ ಇಲ್ಲ. ಅಲ್ಲಿ ಚೆರ್ನೋಬಿಲ್, ಅಣುಶಕ್ತಿಯ ಅಪಾಯ. ಪ್ರತಿ ಮನೆಗೆ ಅದರದೇ ಕೀಲಿಕೈ! ಇಸ್ರೇಲ್‌ನಲ್ಲಿ ಮಾತ್ರ ಎಡವಿದರು. ಉಕ್ರೇನಿನ ಸ್ಥಿತಿಯನ್ನು ಯಹೂದಿ ನರಮೇಧಕ್ಕೆ ಹೋಲಿಸಿದ್ದು ಅಲ್ಲಿ ತುಂಬಾ ಜನಕ್ಕೆ ಸಿಟ್ಟು ತರಿಸಿತು. ಬೇರೆಯವರ ಗಾಯವನ್ನು ಕಥೆಗೆ ಬಳಸಬಹುದು, ಆದರೆ ಆ ಗಾಯದ ಒಡೆಯರು ಒಪ್ಪಬೇಕಲ್ಲ.

ಯುರೋಪ್ ದಾಟಿದರೆ ಇನ್ನೂ ಕಷ್ಟ. 2022ರ ಮಾರ್ಚ್ 2ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಷ್ಯಾ ವಿರುದ್ಧ 141 ದೇಶಗಳು ಮತ ಹಾಕಿದವು. 5 ದೇಶಗಳು ರಷ್ಯಾ ಪರ ನಿಂತವು. 35 ದೇಶಗಳು ಮತ ಹಾಕದೆ ಕೂತವು. ಆ 35ರಲ್ಲಿ ಭಾರತ, ಚೀನಾ, ದಕ್ಷಿಣ ಆಫ್ರಿಕಾ ಇದ್ದವು. ಪ್ರಜಾಪ್ರಭುತ್ವ ಮತ್ತು ಸರ್ವಾಧಿಕಾರದ ನಡುವಿನ ಯುದ್ಧ ಇದು ಎಂದು ವಾಷಿಂಗ್ಟನ್ ಹೇಳಿದ ಕಥೆ ಇಲ್ಲೆಲ್ಲ ಓಡಲಿಲ್ಲ. ವಿದೇಶಾಂಗ ಸಚಿವ ಎಸ್. ಜೈಶಂಕರ್ ಜೂನ್‌ನಲ್ಲಿ ಬ್ರಾಟಿಸ್ಲಾವಾದಲ್ಲಿ ಆಡಿದ ಮಾತು ನೆನಪಿರಬಹುದು. ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಮಾತ್ರ ಯುರೋಪಿನದ್ದಲ್ಲ ಅನ್ನುವ ಧೋರಣೆ ಬಿಡಬೇಕು ಅಂದಿದ್ದರು. ಮಾತು ಹಿಡಿಸಿದ್ದು ಅದರಲ್ಲಿ ಹೊಸತೇನೋ ಇತ್ತು ಅಂತಲ್ಲ. ತುಂಬಾ ದೇಶಗಳ ಬಾಯಿತುದಿಯಲ್ಲೇ ಅದು ಇತ್ತು.

ಉಕ್ರೇನ್ ಪರವಾಗಿ ಆಫ್ರಿಕಾದ ಭಾಷೆಯಲ್ಲಿ ಮಾತಾಡಿದವರು ಒಬ್ಬರಿದ್ದರು. ನನ್ನ ಮಟ್ಟಿಗೆ ಆ ಇಡೀ ವರ್ಷದ ಅತಿ ಒಳ್ಳೆಯ ಭಾಷಣ ಅದು. ಆಕ್ರಮಣಕ್ಕೆ ಮೂರು ದಿನ ಮೊದಲು ಭದ್ರತಾ ಮಂಡಳಿಯ ತುರ್ತು ಸಭೆಯಲ್ಲಿ ಕೆನ್ಯಾದ ರಾಯಭಾರಿ ಮಾರ್ಟಿನ್ ಕಿಮಾನಿ ಎದ್ದರು. ನಮ್ಮ ಗಡಿಗಳನ್ನು ನಾವು ಬರೆದುಕೊಂಡದ್ದಲ್ಲ, ಲಂಡನ್, ಪ್ಯಾರಿಸ್, ಲಿಸ್ಬನ್‌ನಲ್ಲಿ ಕೂತು ಬರೆದದ್ದು ಎಂದರು. ಗಡಿಯಾಚೆ ನಮ್ಮದೇ ಜನ ಇದ್ದಾರೆ. ಅವರನ್ನು ಸೇರಿಸಿಕೊಳ್ಳಲು ಹೊರಟಿದ್ದರೆ ಇವತ್ತಿಗೂ ರಕ್ತ ಹರಿಸುತ್ತಿರುತ್ತಿದ್ದೆವು. ಹಿಂದಿನ ಸಾಮ್ರಾಜ್ಯಗಳ ಕಡೆ ನೋಡುತ್ತಾ ಕೂರುವುದು ಬೇಡ ಎಂದು ಇದ್ದ ಗಡಿಯನ್ನೇ ಒಪ್ಪಿಕೊಂಡೆವು. ಇದು ಅವರ ವಾದದ ಸಾರ. ಅದೇ ಉಸಿರಿನಲ್ಲಿ, ಬಲಿಷ್ಠ ದೇಶಗಳು ಅಂತರರಾಷ್ಟ್ರೀಯ ಕಾನೂನನ್ನು ಮುರಿಯುತ್ತಾ ಬಂದಿರುವುದನ್ನೂ ಟೀಕಿಸಿದರು. ಆ ಕೋಣೆಯಲ್ಲಿ ಇರಾಕ್ ನೆನಪಾಗದವರು ಇರಲಿಕ್ಕಿಲ್ಲ.

ಇರಾಕ್ ವಿಷಯ ಬಂದರೆ ಕಾಲಿನ್ ಪವೆಲ್ ಕೈಯ ಆ ಪುಟ್ಟ ಸೀಸೆ ಕಣ್ಣಮುಂದೆ ಬರುತ್ತದೆ. 2003ರ ಫೆಬ್ರವರಿ 5ರಂದು ಇದೇ ಭದ್ರತಾ ಮಂಡಳಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವರು ಆ ಸೀಸೆ ಎತ್ತಿ ಹಿಡಿದು, ಇಷ್ಟೇ ಇಷ್ಟು ಆಂಥ್ರಾಕ್ಸ್ ಏನೆಲ್ಲ ಮಾಡಬಲ್ಲದು ಎಂದು ತೋರಿಸಿದರು. ಮುಂದಿನ ತಿಂಗಳು ಯುದ್ಧ. ಸಮೂಹನಾಶಕ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ತಮ್ಮ ಹೆಸರಿಗೆ ಇದು ಕಪ್ಪುಚುಕ್ಕೆ ಎಂದು ಪವೆಲ್ ಆಮೇಲೆ ಒಪ್ಪಿಕೊಂಡರು. ಇದರ ಬೆಲೆ ತೆತ್ತದ್ದು ಮಾತ್ರ 2022ರಲ್ಲಿ. ರಷ್ಯಾ ದಾಳಿ ಮಾಡಿಯೇ ಮಾಡುತ್ತದೆ ಎಂದು ಅಮೆರಿಕ ತನ್ನ ಗುಪ್ತ ಮಾಹಿತಿಯನ್ನೇ ಬಿಚ್ಚಿಟ್ಟು ಕೂಗಿಕೊಂಡಿತು. ಈ ಸಲ ಅದು ನಿಜ ಹೇಳುತ್ತಿತ್ತು. ಯುರೋಪಿನ ಮಿತ್ರರೇ ಅನೇಕರು ನಂಬಲಿಲ್ಲ. ಜರ್ಮನಿಯ ಗೂಢಚಾರ ಸಂಸ್ಥೆಯ ಮುಖ್ಯಸ್ಥರು ದಾಳಿ ಶುರುವಾದ ದಿನ ಉಕ್ರೇನಿನಲ್ಲೇ ಇದ್ದರು! ಅವರನ್ನು ರಸ್ತೆ ಮೂಲಕ ಹೊರಗೆ ತರಬೇಕಾಯಿತು. ತೋಳ ಬಂತು ತೋಳ ಎಂದು ಒಮ್ಮೆ ಸುಳ್ಳು ಕೂಗಿದರೆ, ಇಪ್ಪತ್ತು ವರ್ಷ ಆದರೂ ಕಿವಿಗಳು ಮರೆಯುವುದಿಲ್ಲ.

ಭಾರತಕ್ಕೂ ಇಂಥ ಬಿಸಿ ತಟ್ಟಿದೆ. 2021ರ ಜನವರಿಯಲ್ಲಿ ಬೇರೆ ದೇಶಗಳಿಗೆ ಕೋವಿಡ್ ಲಸಿಕೆ ಕಳಿಸುವ ‘ಲಸಿಕೆ ಮೈತ್ರಿ’ ಶುರುವಾದಾಗ ಭಾರತ ಜಗತ್ತಿನ ಔಷಧಾಲಯ ಎಂಬ ಮಾತಿಗೆ ಕೈಯಲ್ಲಿ ಹಿಡಿಯಬಹುದಾದ ಸಾಕ್ಷಿ ಸಿಕ್ಕಿತ್ತು. ಎರಡನೆಯ ಅಲೆ ಬಡಿದಾಗ ರಫ್ತು ನಿಂತಿತು. ಸ್ವಂತ ಜನ ಸಾಯುತ್ತಿರುವಾಗ ಬೇರೆ ದಾರಿ ಇರಲಿಲ್ಲ ಅನ್ನಿ. ಆದರೆ ಬಾಂಗ್ಲಾದೇಶ, ನೇಪಾಳಗಳಲ್ಲಿ ಮೊದಲ ಡೋಸ್ ಹಾಕಿಸಿಕೊಂಡವರು ಎರಡನೆಯದಕ್ಕೆ ಕಾದು ಕೂತರು. ಆ ಖಾಲಿ ಜಾಗಕ್ಕೆ ಚೀನಾದ ಲಸಿಕೆ ಬಂತು.

ಸೈನ್ಯ, ಖಜಾನೆ, ರಾಯಭಾರ ಕಚೇರಿ ಯಾವುದೂ ಇಲ್ಲದವರಿಗೆ ಕಥೆಯೇ ಬಂಡವಾಳ. ಐಸಿಸ್ ಇದನ್ನು ಭಯಂಕರವಾಗಿ ಅರ್ಥ ಮಾಡಿಕೊಂಡಿತ್ತು. 2014ರ ಜೂನ್‌ನಲ್ಲಿ ಇರಾಕ್ ಮತ್ತು ಸಿರಿಯಾ ಗಡಿಯ ಮಣ್ಣಿನ ದಿಬ್ಬವನ್ನು ಬುಲ್ಡೋಜರ್‌ನಿಂದ ಕೆಡವಿ ಅದನ್ನು ಚಿತ್ರೀಕರಿಸಿತು. 1916ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಗುಟ್ಟಾಗಿ ಆ ಸೀಮೆಯನ್ನು ಹಂಚಿಕೊಂಡ ಸೈಕ್ಸ್-ಪಿಕೋ ಒಪ್ಪಂದವನ್ನು ಅಳಿಸುತ್ತಿದ್ದೇವೆ ಎಂದಿತು. ನೂರು ವರ್ಷದ ಅವಮಾನ, ಒಂದು ಬುಲ್ಡೋಜರ್. ಹತ್ತಾರು ದೇಶಗಳಿಂದ ಸಾವಿರಾರು ಯುವಕರು ಹೊರಟು ಬಂದರು.

ಅದರ ಪತ್ರಿಕೆಯ ಹೆಸರು ‘ದಾಬಿಕ್’. ಉತ್ತರ ಸಿರಿಯಾದ ಒಂದು ಸಣ್ಣ ಊರು ಅದು. ಅಂತ್ಯಕಾಲದ ಮಹಾಯುದ್ಧ ಅಲ್ಲೇ ನಡೆಯುತ್ತದೆ, ಅಲ್ಲಿ ಗೆಲುವು ಖಚಿತ ಎಂಬ ಭವಿಷ್ಯವಾಣಿಯನ್ನು ಐಸಿಸ್ ಸಂಚಿಕೆ ಸಂಚಿಕೆಯಲ್ಲೂ ಸಾರಿತು. ತೊಂದರೆ ಏನು ಗೊತ್ತಾ? ದಾಬಿಕ್ ನಕ್ಷೆಯ ಮೇಲೆ ನಿಜವಾಗಿ ಇರುವ ಊರು. ಅಲ್ಲಿಗೆ ಶತ್ರು ಬರಬಹುದು. 2016ರ ಅಕ್ಟೋಬರ್‌ನಲ್ಲಿ ಟರ್ಕಿ ಬೆಂಬಲದ ಬಂಡುಕೋರರು ಬಂದೇ ಬಂದರು. ಹೆಚ್ಚು ಪ್ರತಿರೋಧ ಇಲ್ಲದೆ ಊರು ಬಿದ್ದಿತು. ಇದು ಆ ದಾಬಿಕ್ ಯುದ್ಧ ಅಲ್ಲ, ಅದು ಇನ್ನೂ ಮುಂದಿದೆ ಎಂದು ಐಸಿಸ್ ಸಬೂಬು ಹೇಳಿತು. ಅದಕ್ಕೂ ಒಂದು ತಿಂಗಳು ಮೊದಲೇ ಹೊಸ ಪತ್ರಿಕೆ ಶುರುವಾಗಿತ್ತು. ಹೆಸರು ‘ರೂಮಿಯಾ’, ಅಂದರೆ ರೋಮ್. ಕೈಯಲ್ಲಿದ್ದ ಊರಿನ ಹೆಸರು ಬಿಟ್ಟು, ಎಂದೂ ಕೈಗೆ ಸಿಗದ ಊರಿನ ಹೆಸರು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಗುಂಪು ನೆಲಬಾಂಬ್ ವಿರೋಧಿಗಳದ್ದು. 1990ರವರೆಗೆ ನೆಲಬಾಂಬ್ ಅಂದರೆ ಸೇನಾಧಿಕಾರಿಗಳು ಮತ್ತು ಶಸ್ತ್ರ ಒಪ್ಪಂದದ ತಜ್ಞರು ಮಾತಾಡುವ ವಿಷಯ. 1992ರಲ್ಲಿ ಆರು ಸಂಘಟನೆಗಳು ಸೇರಿ ಚಳವಳಿ ಶುರು ಮಾಡಿ ಪ್ರಶ್ನೆಯನ್ನೇ ಬದಲಿಸಿದವು. ಇದರಿಂದ ಸೇನೆಗೆ ಏನು ಲಾಭ ಎಂದು ಕೇಳುವ ಬದಲು, ಇದರ ಮೇಲೆ ಕಾಲಿಡುವವರು ಯಾರು ಎಂದು ಕೇಳಿದವು. ಪ್ಯಾರಿಸ್‌ನಲ್ಲಿ ಜನ ತಂದು ಹಾಕಿದ ಚಪ್ಪಲಿ, ಬೂಟುಗಳ ರಾಶಿ ಗೋಪುರದಂತೆ ಎದ್ದಿತು. ಕಾಲು ಕಳೆದುಕೊಂಡವರ ನೆನಪಿಗೆ. 1997ರ ಡಿಸೆಂಬರ್‌ನಲ್ಲಿ ನೆಲಬಾಂಬ್ ನಿಷೇಧಿಸುವ ಒಟ್ಟಾವಾ ಒಪ್ಪಂದಕ್ಕೆ ಸಹಿ ಬಿತ್ತು. ಆ ವರ್ಷದ ಶಾಂತಿ ನೊಬೆಲ್ ಕೂಡ ಚಳವಳಿಗೇ. ಅಮೆರಿಕ, ರಷ್ಯಾ, ಚೀನಾ, ಭಾರತ ಸೇರಲಿಲ್ಲ. ಆದರೂ ನೆಲಬಾಂಬ್ ಹಾಕುವುದು ನಾಚಿಕೆಗೇಡು ಎಂಬ ಭಾವನೆ ಜಗತ್ತಿನಲ್ಲಿ ನಿಂತಿತು.

ಈಗ ಅದೂ ಅಲುಗಾಡುತ್ತಿದೆ. 2025ರಲ್ಲಿ ಲಿಥುವೇನಿಯಾ, ಲ್ಯಾಟ್ವಿಯಾ, ಎಸ್ಟೋನಿಯಾ, ಫಿನ್‌ಲೆಂಡ್, ಪೋಲೆಂಡ್ ಆ ಒಪ್ಪಂದದಿಂದ ಹೊರಬರಲು ನಿರ್ಧರಿಸಿದವು. ಕಾಲು ಕಳೆದುಕೊಂಡ ಮಗುವಿನ ಕಥೆ ಸುಳ್ಳಾಗಿಲ್ಲ. ಆದರೆ ರಷ್ಯಾದ ಗಡಿಯಲ್ಲಿ ಮಲಗುವವನಿಗೆ ಈಗ ಕಣ್ಣಮುಂದೆ ಬರುವುದು ಆ ಮಗು ಅಲ್ಲ, ಟ್ಯಾಂಕು. ಕೇಳುವವರ ಭಯ ಬದಲಾಯಿತು, ಕಥೆಯೂ ಹಳತಾಯಿತು.

ಇನ್ನೊಂದು ಬಗೆ ಇದೆ. ಅದರಲ್ಲಿ ತಮ್ಮದು ಅಂತ ಕಥೆಯೇ ಇರುವುದಿಲ್ಲ. ಬೇರೆಯವರ ಕಥೆಯನ್ನು ಹರಿದು ಹಾಕುವುದಷ್ಟೇ ಕೆಲಸ. 2016ರ ಮೇ 21ರಂದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಒಂದು ಇಸ್ಲಾಮಿಕ್ ಕೇಂದ್ರದ ಮುಂದೆ ಎರಡು ಗುಂಪು ಎದುರುಬದುರಾಗಿ ನಿಂತು ಕೂಗಾಡಿದವು. ಒಂದು ಟೆಕ್ಸಸ್‌ನ ಇಸ್ಲಾಮೀಕರಣ ನಿಲ್ಲಿಸಿ ಎಂದಿತು. ಇನ್ನೊಂದು ಇಸ್ಲಾಮಿಕ್ ಜ್ಞಾನವನ್ನು ಉಳಿಸಿ ಎಂದಿತು. ಎರಡು ಗುಂಪನ್ನೂ ಕರೆದದ್ದು ಬೇರೆ ಬೇರೆ ಫೇಸ್‌ಬುಕ್ ಪುಟಗಳು. ಎರಡೂ ಪುಟ ನಡೆಸುತ್ತಿದ್ದದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದೇ ಕಚೇರಿ. ಬೀದಿಗಿಳಿದವರು ಮಾತ್ರ ನಿಜವಾದ ಅಮೆರಿಕನ್ನರು, ಅವರ ಸಿಟ್ಟೂ ನಿಜ. ಆ ಕಚೇರಿಯನ್ನು ಹುಟ್ಟುಹಾಕಿದ್ದು ನಾನೇ ಎಂದು 2023ರಲ್ಲಿ ಒಪ್ಪಿಕೊಂಡವರು ಯೆವ್ಗೆನಿ ಪ್ರಿಗೋಝಿನ್. ವಾಗ್ನರ್ ಪಡೆಯ ಆಗಿನ ಯಜಮಾನ. ಗೋಸಿಯ ಮರಳು ನೆನಪಾಯಿತಾ?

ಇದು ಬರೀ ರಷ್ಯಾದ ಚಾಳಿ ಅಂತ ಅಂದುಕೊಳ್ಳಬೇಡಿ. 2020ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ಆಫ್ರಿಕಾದಲ್ಲಿ ಕೆಲಸ ಮಾಡುತ್ತಿದ್ದ ನಕಲಿ ಖಾತೆಗಳ ಜಾಲಗಳನ್ನು ಕಿತ್ತುಹಾಕಿತು. ಕೆಲವು ರಷ್ಯಾದ್ದು. ಒಂದು ಫ್ರೆಂಚ್ ಸೇನೆಯ ಜೊತೆ ನಂಟಿದ್ದವರದ್ದು. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ಎರಡೂ ಕಡೆಯ ನಕಲಿಗಳು ಒಬ್ಬರ ಪೋಸ್ಟ್ ಕೆಳಗೆ ಇನ್ನೊಬ್ಬರು ಜಗಳವಾಡುತ್ತಿದ್ದರಂತೆ. ಅಲ್ಲ, ಅಲ್ಲಿನ ಜನ ಎಲ್ಲಿ ಹೋದರು?

ಕೊನೆಗೆ, ನನ್ನನ್ನು ಜಾಸ್ತಿ ಕಾಡುವ ಕಥೆ ಏರುವ ಸಮುದ್ರದಲ್ಲಿ ಮುಳುಗುವ ಭಯದಲ್ಲಿರುವ ಸಣ್ಣ ದ್ವೀಪಗಳದ್ದು. 2009ರಲ್ಲಿ ಮಾಲ್ಡೀವ್ಸ್ ಅಧ್ಯಕ್ಷ ಮೊಹಮ್ಮದ್ ನಶೀದ್ ಸಚಿವ ಸಂಪುಟದ ಸಭೆಯನ್ನು ಸಮುದ್ರದ ತಳದಲ್ಲಿ ನಡೆಸಿದರು. 2021ರಲ್ಲಿ ಟುವಾಲು ದೇಶದ ಸಚಿವ ಸೈಮನ್ ಕೋಫೆ ಮೊಣಕಾಲುದ್ದ ನೀರಲ್ಲಿ ಮೈಕ್ ಮುಂದೆ ನಿಂತು ಹವಾಮಾನ ಸಮ್ಮೇಳನಕ್ಕೆ ಭಾಷಣ ಮಾಡಿದರು. ಹಿಂದೆ ಒಣನೆಲವಾಗಿದ್ದ ಜಾಗ ಅದು. ಸೂಟು, ಟೈ, ಸುತ್ತ ನೀರು. ತಾಪ ಏರಿಕೆಯ ಮಿತಿ 1.5 ಡಿಗ್ರಿ ಎಂಬ ಅಂಕೆ 2015ರ ಪ್ಯಾರಿಸ್ ಒಪ್ಪಂದದೊಳಗೆ ಬಂದದ್ದು ಬಹುಪಾಲು ಇಂಥ ದೇಶಗಳ ಹಟದಿಂದ. 2019ರಲ್ಲಿ ಪೆಸಿಫಿಕ್ ದ್ವೀಪಗಳ 27 ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ ಒತ್ತಾಯವನ್ನು ವನುವಾಟು ದೇಶ ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಅಭಿಪ್ರಾಯ ಕೊಟ್ಟಿತು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನು ಹೊಣೆ ಎಂದು ಹೇಳಿತು.

ಅದೇ ತಿಂಗಳು ಟುವಾಲುವಿನಲ್ಲಿ ಇನ್ನೊಂದು ಸಾಲು ಬೆಳೆಯುತ್ತಿತ್ತು. ಆಸ್ಟ್ರೇಲಿಯಾ ಜೊತೆಗಿನ ಒಪ್ಪಂದದಂತೆ ವರ್ಷಕ್ಕೆ 280 ಮಂದಿಗೆ ಅಲ್ಲಿ ಹೋಗಿ ನೆಲೆಸಲು ವೀಸಾ. ಮೊದಲ ಲಾಟರಿಗೆ ಹೆಸರು ಕೊಡಿ ಎಂದಾಗ, ಸುಮಾರು 11,000 ಜನರಿರುವ ಆ ದೇಶದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೆಸರು ನೋಂದಣಿಯಾಯಿತು. ನಾವು ಮುಳುಗುತ್ತಿದ್ದೇವೆ ಎಂದು ಜಗತ್ತಿಗೆ ಹೇಳುತ್ತಾ ಬಂದ ಕಥೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಅದನ್ನು ಮನೆಯಲ್ಲೇ ಕೂತು ಕೇಳಿಸಿಕೊಂಡವರು.